ನೀರಿನ ಅರಮನೆಗೆ ಹೋಗಿಬಂದ ದೊಡ್ಡವ್ವ

ದೊಡ್ಡವ್ವ ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಅವರ ತಿಥಿಯೂ ಕಳೆದುಹೋಗಿತ್ತು. ವ್ಯಾಪಾರದ ಕೆಲಸಕ್ಕೆಂದು ಅರಸೀಕೆರೆಗೆ ಬಂದಿದ್ದ ನನ್ನ ತಮ್ಮ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ, ವಿರಾಜಪೇಟೆಯ ನಾಲ್ಕಾರು ಸಂಗತಿಗಳ ನಡುವೆ ಇದನ್ನೂ ಹೇಳಿದ. ಯಾರು ಮಣ್ಣು ಮಾಡಿದರು ಎಂದು ಕೇಳಿದೆ. ಬೀದಿಯವರೆಲ್ಲ ಸೇರಿ ಮಾಡಿದರಂತೆ. ಕೊನೆಯ ಗಳಿಗೆಯಲ್ಲಿ ಅವರ ಅಣ್ಣನ ಮಗನೂ ಬಂದನಂತೆ. ಕೇಳಿ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು.

ಅವರು ನಮಗೆ ನೆಂಟರಲ್ಲ. ನಾವು ಸೋಮವಾರಪೇಟೆ ಕಡೆಯ ಲಿಂಗಾಯತರು. ಅಪ್ಪ ಜವಳಿ ಅಂಗಡಿ ಇಡಲು ವಿರಾಜಪೇಟೆಗೆ ಬಂದು ಅಲ್ಲೇ ನೆಲೆನಿಂತವರು. ದೊಡ್ಡವ್ವ ಭಾಗಮಂಡಲದ ಕಡೆಯ, ಅರೆಭಾಷೆಯಾಡುವ ಗೌಡರ ಮನೆಯ ಹೆಣ್ಣುಮಗಳು. ನಮ್ಮ ಮನೆಯ ಗೋಡೆಗೆ ಅಂಟಿಕೊಂಡಿದ್ದ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಬೀದಿಯ ಮಕ್ಕಳೆಲ್ಲ ತಮ್ಮನ್ನು ದೊಡ್ಡವ್ವ ಎಂದೇ ಕರೆಯಬೇಕೆಂದು ಅವರೇ ಹೇಳಿಕೊಟ್ಟಿದ್ದರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ನಾಲ್ಕು ಜನರ ಬಾಯಿಗೆ ಬೀಳುವುದೆಂದರೆ ಅವರಿಗೆ ಪ್ರಾಣಸಂಕಟವಾಗುತ್ತಿತ್ತು, ಅದಕ್ಕೆ ಕಾರಣವೂ ಇತ್ತು.

ತೆಳ್ಳಗೆ, ಎತ್ತರದ ಹೆಂಗಸು. ಕೊಡಗಿನ ಹೆಂಗಸರಂತೆ ನೆರಿಗೆಯನ್ನು ಹಿಂದಕ್ಕೆ ಹಾಕಿ ಸೀರೆ ಉಡುತ್ತಿದ್ದರು, ತಲೆಗೆ ಬಿಳಿಯ ವಸ್ತ್ರ ಕಟ್ಟುತ್ತಿದ್ದರು. ಬಟ್ಟೆಗೆ ಅಂಚು ಹೊಲಿಯುವುದು, ಕಸೂತಿ ಹಾಕುವುದು ಅವರ ಹೊಟ್ಟೆಪಾಡು. ಅಪ್ಪನ ಅಂಗಡಿಯಿಂದ ಹೋಗುವ ಬಟ್ಟೆಗೂ, ಇಗರ್ಜಿಯ ಬೀದಿಯ ಕ್ರೈಸ್ತರ ಮಕ್ಕಳ ಗೌನಿಗೂ ಅವರ ಕೈಯದೇ ಹೊಲಿಗೆ. ಹೊಲಿಯುವಾಗ ಕಣ್ಣು ಸೂಜಿಯ ಮೇಲಿದ್ದರೂ ಕಿವಿ ಬೀದಿಯಲ್ಲಿರುತ್ತಿತ್ತು. ಆಡುತ್ತಿದ್ದ ನಮ್ಮ ಸದ್ದು ಒಂದಿಷ್ಟು ಹೊತ್ತು ನಿಂತರೆ ಸಾಕು, ಸೂಜಿ ಚುಚ್ಚಿಟ್ಟು ಬಾಗಿಲಿಗೆ ಬರುತ್ತಿದ್ದರು. ಎಲ್ಲರೂ ಇದ್ದೇವೆಯೇ ಎಂದು ಮುಖ ಮುಖ ನೋಡಿ ಒಳಗೆ ಹೋಗುತ್ತಿದ್ದರು.

ಕಣ್ಣಾಮುಚ್ಚಾಲೆ ಆಡಲು ಮಾತ್ರ ಅವರು ಬಿಡುತ್ತಿರಲಿಲ್ಲ. ಬೇರೆ ಯಾವ ಆಟಕ್ಕೂ ಅಡ್ಡಿಯಿಲ್ಲ, ಅಡಗುವ ಆಟ ಮಾತ್ರ ಕೂಡದು. ಒಮ್ಮೆ ಅವರು ಸಂತೆಗೆ ಹೋಗಿದ್ದಾಗ ನಾವು ಆಡಿದೆವು. ನನ್ನ ತಮ್ಮ ಅಪ್ಪನ ಅಂಗಡಿಯ ಹಿಂಭಾಗದಲ್ಲಿ ಬಟ್ಟೆಯ ಮೂಟೆಗಳ ಸಂದಿಯಲ್ಲಿ ಅಡಗಿ ಅಲ್ಲೇ ತೂಕಡಿಸಿಬಿಟ್ಟ. ಅಷ್ಟರಲ್ಲಿ ದೊಡ್ಡವ್ವ ಬಂದರು, ಅವನೆಲ್ಲಿ ಎಂದರು, ನಾವು ಗೊತ್ತಿಲ್ಲ ಎಂದೆವು. ಸಂತೆಯ ಚೀಲ ಬೀದಿಯಲ್ಲೇ ಬಿತ್ತು. ತಲೆಯ ವಸ್ತ್ರ ಜಾರಿದ್ದೂ ತಿಳಿಯದೆ ಅವರು ಮನೆ ಮನೆಯ ಹಿತ್ತಿಲಿಗೂ ಓಡಿ, ಒಂದೊಂದು ಬಾವಿಗೂ ಬಗ್ಗಿ ನೋಡಿದರು. ಪಕ್ಕದವರ ಬಾವಿಗೆ ಇಳಿಯಲು ಹಗ್ಗವನ್ನೂ ಹಿಡಿದಿದ್ದರು, ಯಾರೋ ತಡೆದರು. ತಮ್ಮ ಕಣ್ಣುಜ್ಜಿಕೊಂಡು ಹೊರಗೆ ಬಂದಾಗ ಅವರು ಅವನಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತವರಿಗೆ ಬಹಳ ಹೊತ್ತು ಏಳಲಾಗಲಿಲ್ಲ. ಬೀದಿಯ ಕೆಲವರು ಮುಸಿಮುಸಿ ನಕ್ಕರು. ಅಮ್ಮ ಅವರನ್ನು ಎಬ್ಬಿಸಿ ಕರೆದುಕೊಂಡು ಹೋದಳು.

ಹಿಂದೆ ಅವರ ಕೈಯಿಂದ ಒಂದು ಮಗು ತಪ್ಪಿಹೋಗಿತ್ತು ಎಂದು ಅಮ್ಮ ನನಗೆ ಹೇಳಿದ್ದು ಅವತ್ತೇ. ಅದು ಅವರ ಹೊಟ್ಟೆಯ ಮಗುವಲ್ಲ, ಕಾಫಿ ಎಸ್ಟೇಟಿನ ಬಿಳಿಯ ದೊರೆಯ ಮಗು. ತಪ್ಪಿಹೋದದ್ದು ಸಮುದ್ರದಾಚೆಯ ಒಂದು ಅರಮನೆಯಲ್ಲಿ.

ಆ ಕಥೆ ನನಗೆ ತುಂಡು ತುಂಡಾಗಿ ಸಿಕ್ಕಿತು. ಮನಸ್ಸು ಬಂದಾಗ ದೊಡ್ಡವ್ವ ಹೊಲಿಯುತ್ತ ಒಂದಿಷ್ಟು ಹೇಳುತ್ತಿದ್ದರು. ಅರಮನೆಯ ಕೊಳದವರೆಗೆ ಬಂದು ನಿಲ್ಲಿಸಿಬಿಡುತ್ತಿದ್ದರು. ಮುಂದಿನದನ್ನು ಅಮ್ಮ ಹೇಳಿದಳು.

ಮದುವೆಯಾಗಿ ಎರಡು ಮಳೆಗಾಲ ಕಳೆಯುವುದರೊಳಗೆ ಅವರ ಗಂಡ ಚಳಿಜ್ವರದಲ್ಲಿ ಹೋದರು. ಅವರ ಅಣ್ಣ ಬಿಟ್ಟಂಗಾಲದ ಒಂದು ಎಸ್ಟೇಟಿನಿಂದ ಮಾಕುಟ್ಟದ ಘಾಟಿ ಇಳಿದು ತಲಚೇರಿಗೆ ಕಾಫಿ ಮೂಟೆ ಸಾಗಿಸುವ ಗಾಡಿ ಹೊಡೆಯುತ್ತಿದ್ದ. ಆ ಎಸ್ಟೇಟಿನ ದೊರೆಸಾನಿ ಹೆಣ್ಣು ಹೆತ್ತು ಹಾಸಿಗೆ ಹಿಡಿದಿದ್ದಳು. ಮಗು ಸತ್ತುಹೋಗುವ ಹಾಗಿತ್ತು. ಅಣ್ಣ ತಂಗಿಯನ್ನು ಅಲ್ಲಿಗೆ ಆಯಾ ಕೆಲಸಕ್ಕೆ ಸೇರಿಸಿದ. ದೊಡ್ಡವ್ವ ಹಗಲು ರಾತ್ರಿ ಎನ್ನದೆ ಬೆರಳಿನಲ್ಲಿ ಹಾಲು ನೆಕ್ಕಿಸಿ ಮಗುವನ್ನು ಉಳಿಸಿಕೊಂಡರು. ಮಗು ಬೆಳೆದದ್ದು ಅವರ ಹೆಗಲ ಮೇಲೆ, ಮಾತು ಕಲಿತದ್ದು ಅವರ ಬಾಯಿಂದ. ದೊರೆಸಾನಿ ಹಾಸಿಗೆಯಿಂದೆದ್ದು ಓಡಾಡುವ ಹೊತ್ತಿಗೆ ಮಗಳು ಅರೆಭಾಷೆಯಲ್ಲಿ ಹರಟುತ್ತಿದ್ದಳು. ತಾಯಿಗೆ ಅದರಲ್ಲಿ ಅರ್ಧ ಅರ್ಥವಾಗುತ್ತಿರಲಿಲ್ಲ. ಏನಾದರೂ ಬೇಕಾದರೆ ಮಗು ಹೇಳುತ್ತಿದ್ದುದು ಆಯಾಗೆ, ಆಯಾ ಅದನ್ನು ದೊರೆಸಾನಿಗೆ ಬರುತ್ತಿದ್ದ ಮುರುಕು ಕನ್ನಡದಲ್ಲಿ ತಿಳಿಸಬೇಕು. ಅದು ತಾಯಿಗೆ ಹೇಗಾಗುತ್ತಿತ್ತೋ ಎಂದು ದೊಡ್ಡವ್ವನೇ ಒಮ್ಮೆ ನಿಟ್ಟುಸಿರಿಟ್ಟಿದ್ದರು.

ಮಗುವಿಗೆ ಐದು ತುಂಬುವ ಹೊತ್ತಿಗೆ, ಜರ್ಮನ್ ಯುದ್ಧಕ್ಕೆ ಕೆಲವು ವರ್ಷ ಮುಂಚೆ, ಬಿಲಾತಿಯಲ್ಲಿದ್ದ ಅಜ್ಜಿ ಮೊಮ್ಮಗಳನ್ನು ಕಳಿಸಿಕೊಡಿ, ಇಲ್ಲೇ ಓದಲಿ ಎಂದರಂತೆ. ಮಗು ಬೇರೆ ಯಾರ ಕೈಯಲ್ಲೂ ಉಣ್ಣುತ್ತಿರಲಿಲ್ಲವಾದ್ದರಿಂದ ಆಯಾ ಜೊತೆಗೆ ಹೋಗಬೇಕೆಂದಾಯಿತು. ಒಂದು ವರ್ಷ ಅಲ್ಲಿದ್ದು ಮಗು ಹೊಂದಿಕೊಂಡ ಮೇಲೆ ವಾಪಸು ಬರುವುದು ಎಂದು ಮಾತು. ಸಮುದ್ರ ದಾಟಿದರೆ ಕುಲದ ಮೂಲಮನೆಯಾದ ಐನ್‌ಮನೆಯ ಹೊಸಿಲು ತುಳಿಯಬೇಡ ಎಂದು ಹಿರಿಯರು ಹೇಳಿ ಕಳಿಸಿದರು. ದೊಡ್ಡವ್ವ ಎರಡು ದಿನ ಯೋಚಿಸಿ ಮಗುವಿನ ಜೊತೆ ಹೊರಟರು.

ಹಡಗಿನಲ್ಲಿ ಮೊದಲ ವಾರವೆಲ್ಲ ವಾಂತಿ. ದೊರೆಸಾನಿ ಕೊಡಿಸಿದ ಬೂಟು ಕಾಲು ಕಚ್ಚಿ ಗಾಯವಾಗಿತ್ತು. ಆದರೆ ಅವರನ್ನು ಕಾಡಿದ್ದು ಬೇರೊಂದು ವಿಚಾರ. ಮಗು ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದಾಗ ದೊರೆಸಾನಿ ಇನ್ನೊಬ್ಬ ಹೆಂಗಸಿನ ಜೊತೆ ಮಾತಾಡುವುದು ಅವರ ಕಿವಿಗೆ ಬೀಳುತ್ತಿತ್ತು. ಬಂಗಲೆಯಲ್ಲಿ ಐದು ವರ್ಷ ಇದ್ದವರಿಗೆ ಇಂಗ್ಲಿಷು ಅಷ್ಟಿಷ್ಟು ತಿಳಿಯುತ್ತಿತ್ತು, ಅದು ದೊರೆಸಾನಿಗೆ ಗೊತ್ತಿರಲಿಲ್ಲ. ಆಯಾ, ಮನೆಗೆ, ವಾಪಸು ಎಂಬ ಮಾತುಗಳು ಮತ್ತೆ ಮತ್ತೆ ಬಂದವು. ವರ್ಷದ ಮಾತು ಬರಲೇ ಇಲ್ಲ. ದಾರಿಯಲ್ಲೇ ಎಲ್ಲೋ ತನ್ನನ್ನು ಇಳಿಸಿ ಕಳಿಸಿಬಿಡುತ್ತಾರೆ ಎಂದು ಅವರಿಗೆ ಅನ್ನಿಸತೊಡಗಿತು. ಕೇಳಲು ಧೈರ್ಯವಿಲ್ಲ. ಮಗುವಿಗೆ ಹೇಳುವ ಹಾಗಿಲ್ಲ. ಹಡಗು ಒಂದೊಂದು ರೇವಿಗೆ ಬಂದಾಗಲೂ ಇದೇ ಇರಬಹುದೇ ಎಂದು ಎದೆ ಹೊಡೆದುಕೊಳ್ಳುತ್ತಿತ್ತಂತೆ.

ಕೊನೆಗೆ ಇಳಿದದ್ದು ಜಿಬ್ರಾಲ್ಟರಿನಲ್ಲಿ. ಅಲ್ಲಿನ ದಂಡಿನಲ್ಲಿದ್ದ ಒಬ್ಬ ದೊರೆಗೆ ದೊರೆಸಾನಿಯ ತಂಗಿಯನ್ನು ಕೊಟ್ಟಿತ್ತು. ಅಕ್ಕ ಬಂದ ಸಂತೋಷಕ್ಕೆ ತಂಗಿ, ಸ್ಪೇನ್ ದೇಶದೊಳಗೆ ಒಂದು ದಿನದ ರೈಲಿನ ದೂರದಲ್ಲಿ ಹಳೆಯ ಅರಮನೆಯೊಂದಿದೆ, ನೋಡಿಕೊಂಡು ಬರೋಣ ಎಂದಳು. ಅದು ಗ್ರನಾಡ ಎಂಬ ಊರು, ಅರಮನೆಯ ಹೆಸರು ಅಲ್ಹಂಬ್ರಾ, ನೂರಾರು ವರ್ಷಗಳ ಹಿಂದೆ ಆಫ್ರಿಕಾ ಕಡೆಯಿಂದ ಬಂದ ಮೂರ್ ಸುಲ್ತಾನರು ಕಟ್ಟಿಸಿದ್ದು ಎಂಬುದೆಲ್ಲ ನನಗೆ ತಿಳಿದದ್ದು ಹೈಸ್ಕೂಲಿನಲ್ಲಿ. ದೊಡ್ಡವ್ವ ಅದನ್ನು ನೀರಿನ ಅರಮನೆ ಎಂದೇ ಕರೆಯುತ್ತಿದ್ದರು.

ಬೆಟ್ಟದ ಮೇಲೆ ಕಾಡಿನಂಥ ಮರಗಳ ನಡುವೆ ಹತ್ತಿ ಹೋಗಬೇಕು. ಕೆಂಪು ಗೋಡೆ, ಕುದುರೆಯ ಲಾಳದ ಹಾಗೆ ಬಾಗಿದ ದೊಡ್ಡ ಬಾಗಿಲು, ಅದರ ಮೇಲೆ ಕಲ್ಲಿನಲ್ಲಿ ಕೆತ್ತಿದ ಒಂದು ಕೈ. ದೊಡ್ಡವ್ವ ಅದುವರೆಗೆ ಕಂಡಿದ್ದ ಅರಮನೆಯೆಂದರೆ ಮಡಿಕೇರಿ ಕೋಟೆಯದು ಒಂದೇ. ಅಲ್ಲಿ ಅಂಗಳದಲ್ಲಿ ಗಾರೆಯ ಆನೆಗಳಿದ್ದರೆ ಇಲ್ಲಿ ಒಂದು ಕಾರಂಜಿಯ ಸುತ್ತ ಕಲ್ಲಿನ ಸಿಂಹಗಳು ಬಾಯಿಂದ ನೀರು ಬಿಡುತ್ತ ನಿಂತಿದ್ದವು. ಚಾವಣಿ ನೋಡಿದರೆ ಜೇನುಹುಟ್ಟು ತಲೆಕೆಳಗಾಗಿ ಇಳಿಬಿದ್ದ ಹಾಗೆ. ಗೋಡೆಗಳ ತುಂಬ ಅಕ್ಷರ. ಅದನ್ನು ಕಂಡಾಗ ಮಾತ್ರ ಅವರಿಗೆ ಜೀವ ಬಂದ ಹಾಗಾಯಿತಂತೆ. ವಿರಾಜಪೇಟೆಯ ಮಸೀದಿಯ ಬಾಗಿಲ ಮೇಲೆ, ಮಾಪಿಳ್ಳೆ ಸಾಹುಕಾರರ ಅಂಗಡಿಯ ಗೋಡೆಯ ಮೇಲೆ ಇದ್ದ ಬರಹವೇ ಅದು. ಇಷ್ಟು ದೂರ ಬಂದರೂ ನಮ್ಮ ಪೇಟೆಯ ಒಂದು ಗುರುತು ಸಿಕ್ಕಿತಲ್ಲ ಎಂದುಕೊಂಡರು.

ಆದರೆ ಆ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ಎಲ್ಲಿ ನೋಡಿದರೂ ನೀರು. ನೆಲದ ನಡುವೆ ಸಣ್ಣ ಕಾಲುವೆ, ಕೋಣೆಯೊಳಗೆ ಬುಗ್ಗೆ. ಒಂದು ಅಂಗಳದಲ್ಲಿ ಉದ್ದಕ್ಕೂ ಕೊಳ. ಅಲುಗಾಡದ ಆ ನೀರಿನಲ್ಲಿ ಅರಮನೆಯೇ ತಲೆಕೆಳಗಾಗಿ ಕಾಣುತ್ತಿತ್ತು, ಅಂಚಿಗೆ ಕಟಕಟೆಯಿಲ್ಲ. ಮಗು ನೆಲವೆಂದುಕೊಂಡು ಕಾಲಿಟ್ಟರೆ? ದೊಡ್ಡವ್ವ ಸೆರಗಿನ ತುದಿಯನ್ನು ಮಗುವಿನ ಮುಂಗೈಗೆ ಕಟ್ಟಿಕೊಂಡರು. ದೊರೆಸಾನಿ ಅದನ್ನು ನೋಡಿದಳು. ಕರುವಿನ ಹಾಗೆ ಕಟ್ಟಿ ಎಳೆಯಬೇಡ, ಬಿಚ್ಚು ಎಂದಳು. ಬಿಚ್ಚಿದರು. ಆಮೇಲೆ ದೊರೆಸಾನಿ ಮಗಳನ್ನು ಕೊಳದ ಪಕ್ಕ ಕೂರಿಸಿಕೊಂಡು ಮೆಲ್ಲಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಸ್ವಲ್ಪ ದೂರದಲ್ಲಿ ನಿಂತಿದ್ದ ದೊಡ್ಡವ್ವನಿಗೆ ಮತ್ತೆ ಅವೇ ಮಾತುಗಳು ಕೇಳಿಸಿದವು. ಮಗು ಏನೂ ಕೇಳಲಿಲ್ಲ, ಅಳಲಿಲ್ಲ. ಒಮ್ಮೆ ತಿರುಗಿ ಆಯಾಳ ಮುಖ ನೋಡಿತು ಅಷ್ಟೇ.

ಮುಂದಿನ ಕೋಣೆಯಲ್ಲಿ ಅರಮನೆ ತೋರಿಸುವವನು ಚಾವಣಿಯ ಕಡೆ ಕೈಮಾಡಿ ಏನೋ ವಿವರಿಸುತ್ತಿದ್ದ. ಎಲ್ಲರೂ ತಲೆಯೆತ್ತಿ ನೋಡಿದರು, ದೊಡ್ಡವ್ವನೂ ನೋಡಿದರು. ತಲೆ ಇಳಿಸಿದಾಗ ಮಗು ಇರಲಿಲ್ಲ.

ಕೊಳದ ಹತ್ತಿರ ಓಡಿದರು. ನೀರು ಹಾಗೇ ಅಲುಗಾಡದೆ ಇತ್ತು. ಕೂಗಿದರೆ ಎಲ್ಲ ಕಡೆಯಿಂದ ನೀರಿನ ಸದ್ದೇ ಬರುತ್ತದೆ. ಮಗು ಕೂಗಿದರೂ, ನೀರಿಗೆ ಬಿದ್ದರೂ ಕೇಳುವ ಹಾಗಿಲ್ಲ. ದೊಡ್ಡವ್ವ ಸೀರೆಯ ಸಮೇತ ಕೊಳಕ್ಕೆ ಇಳಿದರು. ತಳ ಕಾಣದ ಹಸಿರು ನೀರು, ಮೀನುಗಳು ಚೆದುರಿದವು. ಈ ತುದಿಯಿಂದ ಆ ತುದಿಯವರೆಗೆ ಕಾಲಿನಿಂದ ತಳ ಸವರುತ್ತ, ಕಾಲಿಗೆ ಏನೂ ಸಿಗದಿರಲಿ ಎಂದು ಕಾವೇರಮ್ಮನಿಗೆ ಹರಕೆ ಹೊತ್ತುಕೊಂಡು ನಡೆದರು. ಅರಮನೆಯ ಕಾವಲುಗಾರರು ಬೈಯುತ್ತ ಓಡಿಬಂದರು. ದೊರೆಸಾನಿ ದಡದಲ್ಲಿ ಬಾಯಿಗೆ ಕೈ ಅಡ್ಡಹಿಡಿದು ನಿಂತಿದ್ದಳು. ಕಾಲಿಗೆ ಏನೂ ಸಿಗಲಿಲ್ಲ.

ದೊಡ್ಡವ್ವ ನನಗೆ ಹೇಳುತ್ತಿದ್ದುದು ಇಲ್ಲಿಯವರೆಗೆ ಮಾತ್ರ. ಇಲ್ಲಿಗೆ ಬಂದಾಗ ಅವರ ಕೈಯಲ್ಲಿ ಸೂಜಿ ನಿಂತುಬಿಡುತ್ತಿತ್ತು. ಎದ್ದು ಒಲೆಯ ಮುಂದೆ ಹೋಗಿ ಕೂರುತ್ತಿದ್ದರು.

ಆಮೇಲೆ ಆದದ್ದನ್ನು ಅಮ್ಮ ಹೇಳಿದಳು. ಒಬ್ಬ ತೋಟದ ಮಾಲಿ, ಬೇರೆ ಯಾರೋ ಹೆಂಗಸರ ಗುಂಪಿನ ಹಿಂದೆ ಒಂದು ಮಗು ಮೇಲಿನ ತೋಟಕ್ಕೆ ಹೋಯಿತು ಎಂದು ಕೈಸನ್ನೆಯಲ್ಲಿ ತೋರಿಸಿದ. ಅರಮನೆಯ ಎದುರಿನ ದಿಬ್ಬದ ಮೇಲೆ ಸುಲ್ತಾನರು ಬೇಸಗೆ ಕಳೆಯುತ್ತಿದ್ದ ಇನ್ನೊಂದು ತೋಟ. ನೀರಿನಲ್ಲಿ ತೊಯ್ದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿದ್ದರೂ ದೊಡ್ಡವ್ವ ಎಲ್ಲರಿಗಿಂತ ಮುಂದೆ ಓಡಿದರು. ಬೂಟು ಕೊಳದಲ್ಲೇ ಹೋಗಿತ್ತು. ಹಿಂದೆ ದೊರೆಸಾನಿ ಮಗಳ ಹೆಸರು ಹಿಡಿದು ಕೂಗುತ್ತಿದ್ದಳು, ಅವಳ ತಂಗಿ ಕೂಗುತ್ತಿದ್ದಳು, ಕಾವಲುಗಾರರು ತಮ್ಮ ಭಾಷೆಯಲ್ಲಿ ಕೂಗುತ್ತಿದ್ದರು. ಸಾಲುಗಟ್ಟಿದ ಗುಲಾಬಿ, ಕಿತ್ತಳೆ ಗಿಡ, ಕಂಬದಂತೆ ನೆಟ್ಟಗಿನ ಮರಗಳು, ಅಲ್ಲೂ ಎಲ್ಲೆಲ್ಲೂ ಹರಿಯುವ ನೀರು. ಕಡೆಗೆ ದೊಡ್ಡವ್ವ ಒಂದು ಮೆಟ್ಟಿಲಸಾಲಿನ ಬುಡದಲ್ಲಿ ನಿಂತು ತಮ್ಮ ಭಾಷೆಯಲ್ಲಿ, ಮನೆಯಂಗಳದಲ್ಲಿ ಕರೆಯುವ ದನಿಯಲ್ಲಿ ಕರೆದರು.

“ಗೂಡೇ, ನಾ ಇಲ್ಲಿ ಒಳೆ. ಬಾ.”

ಹುಡುಗೀ, ನಾನು ಇಲ್ಲಿದ್ದೇನೆ, ಬಾ ಎಂದು. ಮೇಲಿನ ಬೇಲಿಗಿಡಗಳ ಹಿಂದಿನಿಂದ, ನಾನೂ ಇಲ್ಲಿ ಇದ್ದೇನೆ ಎಂದು ಅದೇ ಭಾಷೆಯಲ್ಲಿ ಉತ್ತರ ಬಂತು.

ದೊರೆಸಾನಿ ಏದುಸಿರು ಬಿಡುತ್ತ ಮೇಲೆ ಬರುವಾಗ ಮಗು ಆಯಾಳ ಒದ್ದೆ ಮಡಿಲಿನಲ್ಲಿತ್ತು. ಅಷ್ಟು ಜನ ಕೂಗಿದಾಗ ಬಾರದ ಮಗು ಇವಳು ಒಂದು ಸಲ ಕರೆದದ್ದಕ್ಕೆ ಬಂತು. ಹಾಗಾದರೆ ಎಲ್ಲಿದೆಯೆಂದು ಇವಳಿಗೆ ಮೊದಲೇ ಗೊತ್ತಿತ್ತು, ಅಡಗಿಸಿದವಳೂ ಇವಳೇ, ಮಗುವನ್ನು ಕದ್ದು ಓಡುವ ಹುನ್ನಾರ ಎಂದು ದೊರೆಸಾನಿ ತೀರ್ಮಾನಿಸಿಬಿಟ್ಟಳಂತೆ. ಅಲ್ಲೇ ಮಗುವನ್ನು ಕಿತ್ತುಕೊಂಡಳು. ಅರಮನೆ ತೋರಿಸುವವನ ಜೊತೆಗೆ ದೊಡ್ಡವ್ವನನ್ನು ನೇರವಾಗಿ ರೈಲಿಗೆ ಕಳಿಸಿದರು. ಒದ್ದೆ ಸೀರೆ ಮೈಮೇಲೆಯೇ ಒಣಗಿತು. ಜಿಬ್ರಾಲ್ಟರಿನಲ್ಲಿ ಹಡಗಿನ ಏಜೆಂಟರ ಕಚೇರಿಯ ಜಗಲಿಯಲ್ಲಿ ಕೂರಿಸಿದರು. ಎದುರಿಗೆ ಬಟ್ಟೆ ಅಂಗಡಿ ಇಟ್ಟಿದ್ದ ಒಬ್ಬ ಸಿಂಧಿ ಸೇಠರು ಇವರ ಸೀರೆ ನೋಡಿ ಹಿಂದೂಸ್ತಾನಿಯಲ್ಲಿ ಮಾತಾಡಿಸಿದರು. ತಮ್ಮ ಅಂಗಡಿಯ ಹಿಂದೆ ಮಲಗಲು ಜಾಗ ಕೊಟ್ಟರು, ಅನ್ನ ಹಾಕಿದರು. ಬೊಂಬಾಯಿಗೆ ಹೊರಟ ಯಾವುದೋ ದೊರೆಯ ಸಂಸಾರಕ್ಕೆ ಆಯಾ ಬೇಕಾಗುವವರೆಗೆ ಅಲ್ಲೇ ಇದ್ದು, ಕಡೆಗೆ ಬೇರೆಯವರ ಕೂಸನ್ನು ಎತ್ತಿಕೊಂಡು ವಾಪಸು ಬಂದರು.

ಊರಿನಲ್ಲಿ ಸುದ್ದಿ ಇವರಿಗಿಂತ ಮುಂಚೆಯೇ ಬಂದಿತ್ತು. ಐನ್‌ಮನೆಯ ಬಾಗಿಲು ಹೇಗೂ ಮುಚ್ಚಿತ್ತು. ದೊರೆಯ ಮಗುವನ್ನು ಕದಿಯಲು ಹೋದವಳು ಎಂದು ಬಿಟ್ಟಂಗಾಲದ ಕೂಲಿಯವರ ಲೈನುಗಳಲ್ಲೂ ಮಾತು ಹಬ್ಬಿತ್ತು. ವಿರಾಜಪೇಟೆಯಲ್ಲಿ ಯಾರೂ ಮಗುವನ್ನು ಅವರ ಕೈಗೆ ಕೊಡುತ್ತಿರಲಿಲ್ಲ. ಅದಕ್ಕೇ ಅವರು ಹೊಲಿಗೆ ಹಿಡಿದದ್ದು. ನಾನು ಹುಟ್ಟಿದ ಮೇಲೆ ಅಮ್ಮನಿಗೆ ಚಳಿಜ್ವರ ಬಂದು ಏಳಲಾರದೆ ಹೋದಾಗ, ನೆಂಟರು ಬೇಡವೆಂದರೂ ಕೇಳದೆ ಅಮ್ಮ ನನ್ನನ್ನು ಗೋಡೆಯಾಚೆಯ ಆ ಹೆಂಗಸಿನ ಮಡಿಲಿಗೆ ಹಾಕಿದಳಂತೆ. ಆಮೇಲೆ ಒಬ್ಬೊಬ್ಬರಾಗಿ ಬೀದಿಯವರೆಲ್ಲ ಹಾಕಿದರು.

ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಒಂದು ಮಧ್ಯಾಹ್ನ ಬಿಟ್ಟಂಗಾಲದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಸೈಕಲ್ಲಿನಲ್ಲಿ ಬಂದು ದೊಡ್ಡವ್ವನ ಬಾಗಿಲಲ್ಲಿ ನಿಂತರು. ನಾಳೆ ಬಂಗಲೆಗೆ ಬರಬೇಕಂತೆ, ದೊರೆಯ ಮಗಳು ಬಿಲಾತಿಯಿಂದ ಬಂದಿದ್ದಾರೆ ಎಂದರು. ಯಾಕೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ, ಹೇಳಿ ಬಾ ಎಂದರು, ಹೇಳಿದೆ ಎಂದು ಹೊರಟುಹೋದರು.

ದೊಡ್ಡವ್ವ ಆ ಸಂಜೆಯೇ ತಮ್ಮ ಟ್ರಂಕಿನಲ್ಲಿದ್ದುದನ್ನೆಲ್ಲ ಮಡಿಸಿ ನಮ್ಮ ಮನೆಗೆ ತಂದಿಟ್ಟರು. ನಾಲ್ಕು ಸೀರೆ, ಒಂದು ಜೊತೆ ಓಲೆ, ಅರ್ಧ ಹೊಲಿದ ಬಟ್ಟೆಗಳು. ಯಾವ ಬಟ್ಟೆ ಯಾರದೆಂದು ಅಮ್ಮನಿಗೆ ಹೇಳಿದರು. ಅವರು ವಾಪಸು ಬರುವ ನಂಬಿಕೆಯಲ್ಲಿರಲಿಲ್ಲ. ಇಷ್ಟು ವರ್ಷದ ಮೇಲೆ ಮಗುವಿನ ಕಳವಿನ ವಿಚಾರ ಪೊಲೀಸಿಗೆ ಕೊಡಲಿಕ್ಕೆಂದೇ ಕರೆಸುತ್ತಿದ್ದಾರೆ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು.

“ಅಕ್ಕ, ನೀವು ಕದ್ದಿಲ್ಲ ಅಂದ್ಮೇಲೆ ಯಾರೇನು ಮಾಡ್ತಾರೆ?” ಎಂದಳು ಅಮ್ಮ.

“ಅಂದ್ ಯಾರ್ ಕೇಳಿದೊ ನನ್ನ ಮಾತ್ನ?” ಎಂದರು ದೊಡ್ಡವ್ವ.

ಹೋಗುವುದೇ ಬೇಡ ಎಂದು ಅಪ್ಪ ಹೇಳಿನೋಡಿದರು. ಆದರೆ ಹೋಗದೆ ಇರಲೂ ಅವರಿಂದಾಗದು. ಆ ಹುಡುಗಿಯನ್ನು ಒಂದು ಸಲ ನೋಡಬೇಕೆಂಬ ಆಸೆ ಹೆದರಿಕೆಯಷ್ಟೇ ದೊಡ್ಡದಾಗಿತ್ತು. ಕೊನೆಗೆ ನನ್ನನ್ನು ಜೊತೆ ಮಾಡಿ ಕಳಿಸಿದರು. ನನಗೆ ಇಂಗ್ಲಿಷು ಬರುತ್ತಿತ್ತು. ಏನು ಹೇಳುತ್ತಾರೋ ಸರಿಯಾಗಿ ತಿಳಿದುಕೋ, ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಲು ಬಿಡಬೇಡ ಎಂದು ಅಪ್ಪ ನನಗೆ ಮೂರು ಸಲ ಹೇಳಿದರು. ಅಷ್ಟು ಹೇಳಿದ ಮೇಲೆ ನನಗೂ ಹೆದರಿಕೆ ಶುರುವಾಯಿತು.

ಕಮಾನು ಗಾಡಿಯಲ್ಲಿ ಬಿಟ್ಟಂಗಾಲದ ದಾರಿ ಹಿಡಿದೆವು. ಅವರು ಒಗೆದು ಮಡಿಸಿಟ್ಟಿದ್ದ ಸೀರೆ ಉಟ್ಟಿದ್ದರು. ಗಾಡಿಯ ಕಂಬಿ ಹಿಡಿದಿದ್ದ ಬೆರಳುಗಳು ಬಿಳಿಚಿಕೊಂಡಿದ್ದವು. ಎಸ್ಟೇಟಿನ ಗೇಟು ಕಂಡಾಗ ಗಾಡಿ ನಿಲ್ಲಿಸು ಎಂದರು. ಇಳಿದು ಬೇಲಿಯ ಪಕ್ಕದಲ್ಲಿ ವಾಂತಿ ಮಾಡಿ, ಬಾಯಿ ತೊಳೆದುಕೊಂಡು ಬಂದರು. ವಾಪಸು ಹೋಗೋಣವೇ ಎಂದು ಕೇಳಿದೆ. ತಲೆಯಾಡಿಸಿದರು, ಬೇಡವೆಂದು.

ಬಂಗಲೆಯ ಜಗಲಿಯಲ್ಲಿ ಪೊಲೀಸರಿರಲಿಲ್ಲ. ದೊರೆಯೂ ಇರಲಿಲ್ಲ, ಕಾಫಿ ಹಣ್ಣಿನ ಕೊಯ್ಲು ನೋಡಲು ತೋಟಕ್ಕೆ ಹೋಗಿದ್ದರು. ಬೆತ್ತದ ಕುರ್ಚಿಯಿಂದ ಒಬ್ಬಳು ದೊರೆಸಾನಿ ಎದ್ದು ನಿಂತಳು. ಇಪ್ಪತ್ತೆಂಟು ಮೂವತ್ತು ಇರಬಹುದು. ಉದ್ದ ಮುಖ, ಗಾಳಿಗೆ ಕೆದರಿದ ಕಂದುಗೂದಲು. ದೊಡ್ಡವ್ವ ಮೆಟ್ಟಿಲ ಕೆಳಗೇ ನಿಂತರು. ಮೇಲೆ ಬನ್ನಿ ಎಂದು ಅವಳು ಕೈ ತೋರಿದಳು. ಇವರು ಕದಲಲಿಲ್ಲ. ಕಡೆಗೆ ಅವಳೇ ಇಳಿದು ಬಂದು ಅದೇ ಮೆಟ್ಟಿಲ ಮೇಲೆ ಕುಳಿತಳು. ದೊಡ್ಡವ್ವನೂ ಒಂದು ಮೆಟ್ಟಿಲು ಕೆಳಗೆ, ಅಂಚಿನಲ್ಲಿ, ಕುಳಿತರು.

ಅರೆಭಾಷೆ ಅವಳಿಗೆ ಒಂದಕ್ಷರವೂ ಉಳಿದಿರಲಿಲ್ಲ. ಅವಳು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ತನ್ನ ತಾಯಿ ಹೋದ ವರ್ಷ ತೀರಿಕೊಂಡಳು ಎಂದಳು. ಆಯಾ ಮಗಳನ್ನು ಸ್ಪೇನಿನಲ್ಲಿ ಕದಿಯಲು ನೋಡಿದಳು ಎಂದು ತಾಯಿ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು, ಕೊನೆಯ ಕಾಯಿಲೆಯಲ್ಲೂ ಹೇಳಿದಳು ಎಂದಳು. ನಾನು ಅದನ್ನು ಹೇಳಲೋ ಬೇಡವೋ ಎಂದು ತಡವರಿಸಿದೆ. ಹೇಳು ಎಂದು ದೊಡ್ಡವ್ವ ಕಣ್ಣಿನಲ್ಲೇ ಸೂಚಿಸಿದರು. ಹೇಳಿದೆ. ಅವರು ತಲೆ ತಗ್ಗಿಸಿದರು. ಈಗ ಬರುತ್ತದೆ ಪೊಲೀಸಿನ ಮಾತು ಎಂದುಕೊಂಡೆ.

ಅವಳು ಮುಂದೆ ಹೇಳಿದ್ದನ್ನು ಅವಳ ಮಾತಿನಲ್ಲೇ ಹೇಳುತ್ತೇನೆ. ಆ ದಿನ ಕೊಳದ ಹತ್ತಿರ ಅಮ್ಮ, ಆಯಾ ಇಲ್ಲಿಂದಲೇ ಊರಿಗೆ ಹೋಗುತ್ತಾಳೆ, ನೀನು ಅಳಬಾರದು ಎಂದಿದ್ದಳು. ನಾನು ಕಾಣದೆ ಹೋದರೆ ಹಡಗು ಹೋಗಿಬಿಡುತ್ತದೆ, ಆಯಾ ಉಳಿಯುತ್ತಾಳೆ ಎಂದುಕೊಂಡು ನಾನೇ ಹೋಗಿ ಅಡಗಿದೆ. ಯಾರೂ ಹೇಳಿಕೊಟ್ಟಿರಲಿಲ್ಲ. ಸಿಕ್ಕಿಬಿದ್ದ ಮೇಲೆ ಅಮ್ಮ ನನ್ನ ಎರಡೂ ತೋಳು ಹಿಡಿದು ಅಲ್ಲಾಡಿಸಿ, ಅಡಗು ಎಂದು ಆಯಾ ಹೇಳಿದಳಾ ಎಂದು ಕೇಳಿದಳು. ಏಟು ಬೀಳುತ್ತದೆಂಬ ಹೆದರಿಕೆಗೆ ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ ಯಾವತ್ತೂ ಅಮ್ಮನಿಗೆ ನಿಜ ಹೇಳಲು ಧೈರ್ಯ ಬರಲಿಲ್ಲ. ಅದನ್ನು ನಿನಗೆ ಹೇಳಬೇಕೆಂದೇ ಬಂದೆ.

ಇದನ್ನೆಲ್ಲ ಒಂದೊಂದಾಗಿ ಕನ್ನಡಕ್ಕೆ ತಂದೆ. ಮಗು ತಲೆಯಾಡಿಸಿದ ಸಂಗತಿ ನನ್ನ ಅಮ್ಮನಿಗೂ ಗೊತ್ತಿರಲಿಲ್ಲ. ದೊಡ್ಡವ್ವ ಇಷ್ಟು ವರ್ಷ ಯಾರ ಮುಂದೆಯೂ ಅದನ್ನು ಬಾಯಿಬಿಟ್ಟಿರಲಿಲ್ಲ. ಅವರು ಈಗ ಅಳುತ್ತಾರೆ, ಅಥವಾ ಸಿಟ್ಟಾಗುತ್ತಾರೆ ಎಂದುಕೊಂಡು ಅವರ ಮುಖ ನೋಡಿದೆ.

“ಅದ್ ನಂಗೆ ಗೊತ್ತುಟ್ಟು,” ಎಂದರು. “ನಾ ಅಲ್ಲೇ ಇದ್ದೆ ಅಲ್ಲಾ.”

ಅದು ಅವರಿಗೆ ಗೊತ್ತಿದೆಯಂತೆ ಎಂದು ಹೇಳಿದೆ. ಆ ಹೆಣ್ಣುಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ದೊಡ್ಡವ್ವ ಅವಳ ಕಡೆಗೆ ಸ್ವಲ್ಪ ಸರಿದರು. ಏನೋ ಕೇಳಬೇಕೆಂದು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದರು. ಪೊಲೀಸಿನ ಭಯಕ್ಕೆ ಕಂಬಿ ಹಿಡಿದು ಬರುವಾಗಲೂ ಅವರ ಮುಖದಲ್ಲಿ ಅಂಥ ಕಳವಳವನ್ನು ನಾನು ಕಂಡಿರಲಿಲ್ಲ.

“ಅಂದ್ ರಾತ್ರೆ ನಿಂಗೆ ಯಾರ್ ಉಣ್ಸಿದ್?”

ಅವತ್ತು ರಾತ್ರಿ ನಿಮಗೆ ಯಾರು ಉಣ್ಣಿಸಿದರು ಎಂದು ಕೇಳುತ್ತಿದ್ದಾರೆ ಎಂದೆ. ದೊರೆಯ ಮಗಳು ಮುಖದಿಂದ ಕೈ ತೆಗೆದಳು. ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲವೇನೋ ಎಂದು ನಾನು ಇನ್ನೊಮ್ಮೆ ಹೇಳಿದೆ. ದೊಡ್ಡವ್ವ ಉಸಿರು ಹಿಡಿದು ಅವಳ ಬಾಯನ್ನೇ ನೋಡುತ್ತಿದ್ದರು.

ನೆನಪಿದೆ ಎಂದಳು ಅವಳು. ಹೋಟೆಲಿನಲ್ಲಿ ಅಡುಗೆ ಮಾಡುವ ದಪ್ಪನೆಯ ಹೆಂಗಸೊಬ್ಬಳಿದ್ದಳು. ಅಮ್ಮ ಕೊಟ್ಟದ್ದನ್ನು ನಾನು ತಿನ್ನಲಿಲ್ಲ. ಆ ಹೆಂಗಸು ನನ್ನನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಸಕ್ಕರೆ ಹಾಕಿದ ಹಾಲಿನಲ್ಲಿ ರೊಟ್ಟಿ ನೆನೆಸಿ ಕೈಯಲ್ಲೇ ತಿನ್ನಿಸಿದಳು. ತುಂಬ ಹಸಿವಾಗಿತ್ತು. ಎಲ್ಲ ತಿಂದೆ. ಅವಳ ಮಡಿಲಲ್ಲೇ ನಿದ್ದೆ ಹೋದೆ. ಇದನ್ನು ಹೇಳುವಾಗ, ಹಾಗೆ ತಿಂದದ್ದೂ ನಿದ್ದೆ ಮಾಡಿದ್ದೂ ಇನ್ನೊಂದು ತಪ್ಪೇನೋ ಎಂಬಂತೆ ಅವಳ ದನಿ ಇಳಿಯಿತು.

ನಾನು ಹೇಳಿ ಮುಗಿಸಿದೆ. ದೊಡ್ಡವ್ವ ಹಿಡಿದಿದ್ದ ಉಸಿರನ್ನು ಬಿಟ್ಟರು. ಎರಡು ಕೈ ಜೋಡಿಸಿ ಹಣೆಗೆ ಒತ್ತಿಕೊಂಡರು.

“ಆ ಹೆಂಗ್ಸಿನ ಹೊಟ್ಟೆ ತಣ್ಣಗಿರ್ಲಿ,” ಎಂದರು.

ಆಮೇಲೆ ದೊರೆಯ ಮಗಳ ಕೂದಲನ್ನು ಕಿವಿಯ ಹಿಂದೆ ಸರಿಸಿದರು, ಕೆನ್ನೆ ಸವರಿದರು, ತೆಳ್ಳಗಾಗಿದ್ದೀಯ ಎಂದು ಹೇಳು ಎಂದು ನನಗೆ ಹೇಳಿದರು. ಅವಳು ಅವರ ಮೊಣಕಾಲಿಗೆ ತಲೆಯಿಟ್ಟು ಅಳುತ್ತಿದ್ದಳು. ನಾನು ಎದ್ದು ಅಂಗಳದ ಆಚೆ ಹೋಗಿ ನಿಂತೆ. ಇನ್ನು ಅವರಿಬ್ಬರಿಗೂ ನನ್ನ ಅಗತ್ಯವಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅಲ್ಲಿಂದ ಹೊರಟೆವು. ಗಾಡಿ ಎಸ್ಟೇಟಿನ ಗೇಟು ದಾಟುವುದರೊಳಗೆ ದೊಡ್ಡವ್ವ ನನ್ನ ಹೆಗಲಿಗೆ ತಲೆಯಾನಿಸಿ ಗಾಢ ನಿದ್ದೆಗೆ ಜಾರಿದರು. ರಸ್ತೆಯ ಹೊಂಡಗಳಲ್ಲಿ ಗಾಡಿ ಕುಲುಕಿದರೂ ಅವರಿಗೆ ಎಚ್ಚರವಾಗಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಒಂದು ಕೈ ನನ್ನ ತೊಡೆಯ ಮೇಲೆ ಬಿದ್ದಿತ್ತು. ವಿರಾಜಪೇಟೆಯ ನಮ್ಮ ಬೀದಿಯ ತಿರುವು ಬಂತು, ಅಮ್ಮ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿರುವುದೂ ಕಾಣಿಸಿತು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಗಡಿಯಾರದ ಕಂಬದವರೆಗೆ ಹೋಗಿ ಇನ್ನೊಂದು ಸುತ್ತು ಹಾಕಿಕೊಂಡು ಬಾ, ನಿಧಾನಕ್ಕೆ ಹೊಡಿ ಎಂದು ಗಾಡಿಯವನಿಗೆ ಹೇಳಿದೆ.